ಹಾಡಿದರೆ ಮೈ ಹಗುರಾಗುವುದೇಕೆ?

ಪ್ರಥಮ ಪಿಯುಸಿಯವರಿಗೆ ಉಸಿರಾಟದ ಪಾಠ ಮುಗಿಸಿದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ನಾನಿ ಅಕ್ಕಿ ಆರಿಸುವಾಗ ಹಾಡು ಗುನುಗುತ್ತಲೇ ಇರುತ್ತಾರೆ. ಹಾಡಿದರೆ ಮೈ ಹಗುರಾಗುತ್ತದಂತೆ. ಇದು ನಿಜವಾ?" ತರಗತಿ ನಕ್ಕಿತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಎಂಬ ಅಜ್ಜಿ ಇದ್ದರು. ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಓದು ಬರಹ ಇರಲಿಲ್ಲ. ಆದರೆ ತಾಯಿಯಿಂದ ಕಲಿತ ಹಾಡುಗಳು ಲೆಕ್ಕವಿಲ್ಲದಷ್ಟು ಬಾಯಲ್ಲೇ ಇದ್ದವು. ನಾಟಿ ಹಾಕುವಾಗ ಒಂದು, ಮದುವೆ ಮನೆಯಲ್ಲಿ ಇನ್ನೊಂದು, ತೊಟ್ಟಿಲು ತೂಗುವಾಗ ಮತ್ತೊಂದು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅವರ ಬದುಕು ಸುಖದ್ದಾಗಿರಲಿಲ್ಲ. ಎಳೆಯ ವಯಸ್ಸಿನ ಮದುವೆ, ಆಮೇಲೆ ಗಂಡನ ಸಾವು. ಸಾಕಿಕೊಂಡ ಮಗನೂ ಕುಡಿತಕ್ಕೆ ಬಲಿಯಾದ. ಆಗ ಅವರು ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ಮಾರಾಟದ ವಿರುದ್ಧ ನಿಂತರು. ಗದ್ದೆಯಲ್ಲಿ ಸಾಲಾಗಿ ನಿಂತು ಒಂದೇ ದನಿಯಲ್ಲಿ ಹಾಡಿ ಅಭ್ಯಾಸವಿದ್ದ ಹೆಂಗಸರಿಗೆ ಹೀಗೆ ಒಟ್ಟಾಗಿ ನಿಲ್ಲುವುದು ಹೊಸದಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆರೋಗ್ಯ ಎಂದರೆ ರಕ್ತದೊತ್ತಡದ ಅಂಕಿ ಮಾತ್ರ ಅಲ್ಲವಲ್ಲ.

ಈಗ ದೇಹದ ಮಾತು. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತೇವೆ. ಹಾಡುವಾಗ ಚಕ್ಕನೆ ಉಸಿರೆಳೆದು, ಸಾಲು ಮುಗಿಯುವವರೆಗೂ ನಿಧಾನವಾಗಿ ಬಿಡಬೇಕು. ಉಸಿರು ಎಳೆದುಕೊಂಡಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಬಿಟ್ಟಾಗ ತಗ್ಗುತ್ತದೆ. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರದ ಕೆಲಸ ಇದು. ಬಿಡುವ ಉಸಿರು ಉದ್ದವಾದಷ್ಟೂ ಆ ನರಕ್ಕೆ ಹೆಚ್ಚು ಅವಕಾಶ. 2001ರಲ್ಲಿ ಇಟಲಿಯ ಸಂಶೋಧಕರು ಲ್ಯಾಟಿನ್ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಹಾಡಿದವರು ನಿಮಗಿಂತ ಒಂದೆರಡು ವರ್ಷ ದೊಡ್ಡವರು, 18ರ ಹರೆಯದವರು. ಒಟ್ಟಿಗೆ ಹಾಡಿದಾಗ ಅವರ ಹೃದಯದ ಬಡಿತಗಳು ಒಂದರ ಜೊತೆ ಒಂದು ಏರಿಳಿದವು.

ಆ ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್ ದೇಶಗಳ ಉತ್ತರದ ತುದಿಯಲ್ಲಿ, ರಷ್ಯಾದಲ್ಲೂ, ಸಾಮಿ ಎಂಬ ಮೂಲನಿವಾಸಿಗಳಿದ್ದಾರೆ. ಹಿಮಸಾರಂಗ ಸಾಕುವವರೆಂದು ಹೆಸರಾದವರು. ಅವರ ಹಾಡಿಗೆ ಯೊಯ್ಕ್ ಎಂದು ಹೆಸರು; ಎಷ್ಟೋ ಯೊಯ್ಕ್‌ಗಳಲ್ಲಿ ಪದಗಳೇ ಕಡಿಮೆ. ಒಬ್ಬೊಬ್ಬ ಮನುಷ್ಯನಿಗೂ ಅವನದೇ ಯೊಯ್ಕ್ ಇರಬಹುದು. ಅದನ್ನು ಹಾಡಿದರೆ ಅವನ ಬಗ್ಗೆ ಹಾಡಿದಂತಲ್ಲ, ಅವನನ್ನೇ ಕರೆತಂದಂತೆ ಎಂಬುದು ಅವರ ನಂಬಿಕೆ. ಹಿಂದೆ ಪಾದ್ರಿಗಳು ಇದನ್ನು ಪಾಪವೆಂದು ಹತ್ತಿಕ್ಕಿದ್ದರು. ಈಗ ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದವರು ಯೊಯ್ಕ್‌ಗೂ ಆರೋಗ್ಯಕ್ಕೂ ಇರುವ ನಂಟನ್ನು, ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ಅದರ ಪಾತ್ರವನ್ನು ಅಧ್ಯಯನ ಮಾಡಿದ್ದಾರೆ. ಎಳವೆಯಲ್ಲಿ ಕೇಳಿದ ರಾಗ, ಹೆಸರುಗಳು ಮರೆತ ಮೇಲೂ ಉಳಿದಿರುವುದುಂಟು.

ನಾನಿಯ ಹಾಡಿಗೂ ಇತಿಹಾಸವಿದೆ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕೀನಾಮಾಗಳು ಹುಟ್ಟಿದವು. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡುತ್ತಿದ್ದ ಹಾಡುಗಳವು. ತೊಟ್ಟಿಲ ಹಾಡುಗಳಿಗೆ ಲೋರಿನಾಮಾ ಎಂಬ ಹೆಸರು. ಕನ್ನಡದ ಬೀಸುವ ಪದಗಳೂ ಇದೇ ಕಲ್ಲಿನ ಸುತ್ತ ಹುಟ್ಟಿದವು. ತೋಳು ತಿರುಗುವ ಲಯಕ್ಕೆ ಹಾಡು, ಹಾಡಿನ ಲಯಕ್ಕೆ ಉಸಿರು. ಮಿಕ್ಸಿ ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ, ಅದರ ಗದ್ದಲದಲ್ಲಿ ಹಾಡಿದರೂ ಕೇಳಿಸದು.

ಒಂದು ಎಚ್ಚರಿಕೆ. ಹಾಡು ಮಾತ್ರೆಯ ಬದಲಿಯಲ್ಲ. ನಿದ್ದೆ ಬಾರದಿದ್ದರೆ, ಪರೀಕ್ಷೆಯ ಭಯಕ್ಕೆ ಎದೆ ಡವಗುಟ್ಟುತ್ತಲೇ ಇದ್ದರೆ ಅಧ್ಯಾಪಕರಿಗೋ ಮನೆಯವರಿಗೋ ಹೇಳಿ. ನಿಮ್ಹಾನ್ಸ್ ನಮಗೆ ದೂರವೇನಲ್ಲ.

ಆ ವಿದ್ಯಾರ್ಥಿನಿಗೊಂದು ಕೆಲಸ, ಉಳಿದವರೂ ಮಾಡಬಹುದು. ನಾನಿ ಸುಮ್ಮನೆ ಕುಳಿತಾಗ ಒಂದು ನಿಮಿಷದ ಉಸಿರು ಎಣಿಸು, ಗುನುಗುವಾಗ ಇನ್ನೊಮ್ಮೆ ಎಣಿಸು. ಎರಡೂ ಅಂಕಿಗಳ ಜೊತೆಗೆ, ಅವರು ಒಪ್ಪಿದರೆ, ಆ ಹಾಡನ್ನೂ ಬರೆದುಕೊಂಡು ಬಾ.