ರೈತನ ಪ್ರಶ್ನೆ, ಮೀನುಗಾರನ ಪ್ರಶ್ನೆ: ಸಚಿವರಿಂದ ಉತ್ತರ ಪಡೆಯುವ ಬಗೆ

2021ರ ಚಳಿಗಾಲದ ಅಧಿವೇಶನದಲ್ಲಿ ಲೋಕಸಭೆಯಲ್ಲಿ ಕೇಂದ್ರ ಕೃಷಿ ಸಚಿವರಿಗೆ ಒಂದು ಪ್ರಶ್ನೆ ಬಂತು. ದೆಹಲಿಯ ಗಡಿಯಲ್ಲಿ ನಡೆದ ರೈತ ಚಳವಳಿಯಲ್ಲಿ ಸತ್ತವರ ಲೆಕ್ಕ ಸರ್ಕಾರದ ಬಳಿ ಇದೆಯೇ, ಅವರ ಕುಟುಂಬಗಳಿಗೆ ನೆರವು ಕೊಡುವ ಆಲೋಚನೆ ಇದೆಯೇ ಎಂದು. ಆಗಿನ ಸಚಿವ ನರೇಂದ್ರ ಸಿಂಗ್ ತೋಮರ್ ಅವರ ಲಿಖಿತ ಉತ್ತರ ತೀರಾ ಚಿಕ್ಕದು: ಸಚಿವಾಲಯದಲ್ಲಿ ಈ ಬಗ್ಗೆ ದಾಖಲೆ ಇಲ್ಲ, ಹಾಗಾಗಿ ಪ್ರಶ್ನೆ ಉದ್ಭವಿಸುವುದಿಲ್ಲ.

ಓದಿದರೆ ಸಿಟ್ಟು ಬರುವ ಉತ್ತರ. ಆದರೆ ಕಾನೂನಿನ ಕಣ್ಣಿನಿಂದ ನೋಡಿದರೆ ಬೆಲೆಯುಳ್ಳ ಉತ್ತರ. ತನ್ನ ಬಳಿ ಲೆಕ್ಕವಿಲ್ಲ ಎಂದು ಸರ್ಕಾರ ಸದನಕ್ಕೆ ಬರೆದುಕೊಟ್ಟ ಕಾಗದ ಅದು. ಕೆಲವೇ ದಿನಗಳಲ್ಲಿ ರಾಹುಲ್ ಗಾಂಧಿ ಅದೇ ಸದನದಲ್ಲಿ, ಪಂಜಾಬ್ ಸರ್ಕಾರ ಪರಿಹಾರ ಕೊಟ್ಟ ಕುಟುಂಬಗಳ ಪಟ್ಟಿ ಹಿಡಿದು ಎದ್ದು ನಿಂತರು. ಉತ್ತರ ಬರಹದಲ್ಲಿ ಇಲ್ಲದಿದ್ದರೆ ಆ ಪಟ್ಟಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಸಚಿವರ ಉತ್ತರ ಎಂದರೆ ಟಿವಿಯಲ್ಲಿ ಕಾಣುವ ಗದ್ದಲವಷ್ಟೇ ಅಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಾತ್ರ ಸಚಿವರು ಎದ್ದು ನಿಂತು ಉತ್ತರಿಸಬೇಕು. ಆ 20 ಕೂಡ ಬೆಳಗಿನ 11ರಿಂದ 12ರ ಒಂದು ಗಂಟೆಯಲ್ಲಿ ಮುಗಿಯುವುದು ಅಪರೂಪ. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ರಾಜ್ಯಸಭೆಯಲ್ಲಿ ಇದು 15 ಮತ್ತು 160. ಅಲ್ಲಿ ಪ್ರಶ್ನೋತ್ತರ ವೇಳೆ ಮಧ್ಯಾಹ್ನ 12ಕ್ಕೆ. ರೈತರಿಗೆ, ಮೀನುಗಾರರಿಗೆ ಹೆಚ್ಚು ಉಪಯೋಗ ಯಾರೂ ಟಿವಿಯಲ್ಲಿ ನೋಡದ ಆ ಲಿಖಿತ ಉತ್ತರಗಳಿಂದ. ರಾಜ್ಯವಾರು ಕೋಷ್ಟಕ, ಬಿಡುಗಡೆಯಾದ ಹಣ, ಬಾಕಿ, ಎಲ್ಲವೂ ಅದರ ಅನುಬಂಧದಲ್ಲಿರುತ್ತದೆ. ಕೋವಿಡ್ ನೆಪದಲ್ಲಿ 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು, ಲಿಖಿತ ಉತ್ತರ ಮಾತ್ರ ಉಳಿಯಿತು. ರೈತ ಚಳವಳಿಗೆ ಕಾರಣವಾದ ಮೂರು ಕೃಷಿ ಮಸೂದೆಗಳು ಪಾಸಾದದ್ದು ಅದೇ ಅಧಿವೇಶನದಲ್ಲಿ ಎಂಬುದನ್ನು ಮರೆಯಬಾರದು.

ನಾಗರಿಕರು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ಸದಸ್ಯರ ಮೂಲಕವೇ ಕೇಳಬೇಕು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸದಸ್ಯರಿದ್ದಾರೆ. ನಿಮ್ಮ ಕ್ಷೇತ್ರದವರೇ ಆಗಬೇಕೆಂಬ ನಿಯಮವಿಲ್ಲ. ಕೃಷಿಯಲ್ಲಿ ಆಸಕ್ತಿ ಇರುವ ಬೇರೆ ಸದಸ್ಯರಿಗೂ, ವಿರೋಧ ಪಕ್ಷದವರಿಗೂ ಪತ್ರ ಕೊಡಬಹುದು. ಒಂದೇ ಪ್ರಶ್ನೆಯನ್ನು ನಾಲ್ಕೈದು ಸದಸ್ಯರಿಗೆ ಕೊಡುವುದು ಜಾಣತನ. ಬಂದ ಸೂಚನೆಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಯಾರದ್ದಾದರೂ ಒಂದು ಎದ್ದರೆ ಸಾಕು, ಒಂದೇ ವಿಷಯ ಕೇಳಿದ ಉಳಿದವರ ಹೆಸರನ್ನೂ ಅದಕ್ಕೆ ಜೋಡಿಸುತ್ತಾರೆ. ಪ್ರಶ್ನೆ ಕೇಳಲೇಬೇಕೆಂದು ಸಂಸದರನ್ನು ಕಾನೂನಿನ ಮೂಲಕ ಒತ್ತಾಯಿಸಲಾಗದು. ಆದರೆ ಮತ ಕೇಳಲು ಬರುವವರ ಬಳಿ ಇದನ್ನು ಕೇಳುವುದರಲ್ಲಿ ಸಂಕೋಚವೇಕೆ?

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಯಾರಾದರೂ ಹಣ ಕೇಳಿದರೆ ಅದು ಅಪರಾಧ. ಪ್ರಶ್ನೆ ಕೇಳಲು ಲಂಚ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ ಲೋಕಸಭೆಯ 10, ರಾಜ್ಯಸಭೆಯ ಒಬ್ಬರು, ಒಟ್ಟು 11 ಸದಸ್ಯರನ್ನು ಸದನದಿಂದ ಉಚ್ಚಾಟಿಸಲಾಯಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದರೂ ಮಾತಾಡಿದರೂ ಶಾಸನಸಭೆಯ ವಿಶೇಷಾಧಿಕಾರದ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ಸೀತಾ ಸೊರೆನ್ ಪ್ರಕರಣದಲ್ಲಿ ಹೇಳಿದೆ. ಕೊಟ್ಟವರೂ ತಪ್ಪಿಸಿಕೊಳ್ಳಲಾರರು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಅವರಿಗೂ ಏಳು ವರ್ಷದವರೆಗೆ ಶಿಕ್ಷೆ ಇದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ.

ಹೆಚ್ಚಿನ ಪ್ರಶ್ನೆಗಳು ಸೋಲುವುದು ಯಾರನ್ನು ಕೇಳಬೇಕೆಂದು ತಿಳಿಯದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 14ನೇ ನಮೂದು ಕೃಷಿ, 21ನೇ ನಮೂದು ಮೀನುಗಾರಿಕೆ. ಕೇಂದ್ರ ಪಟ್ಟಿಯ 57ನೇ ನಮೂದು ಪ್ರಾದೇಶಿಕ ಜಲದಾಚೆಯ ಮೀನುಗಾರಿಕೆ. ದಡದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್‌ವರೆಗೆ ರಾಜ್ಯದ ಅಧಿಕಾರ. ಅಲ್ಲಿ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿದೆ. ಅದರಾಚೆ ಕೇಂದ್ರ.

ಮಲ್ಪೆಯ ನಾಡದೋಣಿಯವರು ಲೈಟ್ ಫಿಶಿಂಗ್ ಬಗ್ಗೆ ದೂರುವಾಗ ಈ ಗೆರೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ರಾದೇಶಿಕ ಜಲದಾಚೆಯ ಅನನ್ಯ ಆರ್ಥಿಕ ವಲಯದಲ್ಲಿ (ಇಇಝಡ್) ಎಲ್‌ಇಡಿ ದೀಪ ಬಳಸಿ ಮೀನು ಹಿಡಿಯುವುದನ್ನು ಕೇಂದ್ರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೆ ಹಾಗೆ ದೀಪ ಹಾಕಿದ ದೋಣಿ ಸಿಕ್ಕಿದ್ದು 8 ನಾಟಿಕಲ್ ಮೈಲಿಯಲ್ಲಿ ಎಂದಾದರೆ ದೆಹಲಿಯ ಸಚಿವರು ಇದು ರಾಜ್ಯಕ್ಕೆ ಸೇರಿದ್ದು ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಪ್ರಶ್ನೆ ವಿಧಾನಸೌಧಕ್ಕೆ ಹೋಗಬೇಕಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧವೂ ಹೀಗೇ: ಆಚೆ ನೀರಿಗೆ ಕೇಂದ್ರದ ಆದೇಶ, ಈಚೆ ನೀರಿಗೆ ರಾಜ್ಯದ್ದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ, ಮೀನುಗಾರರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್, ಸತ್ತರೆ 5 ಲಕ್ಷ ರೂಪಾಯಿ ಕೊಡುವ ಗುಂಪು ಅಪಘಾತ ವಿಮೆ, ಇವು ಕೇಂದ್ರದ ಮೀನುಗಾರಿಕೆ ಸಚಿವಾಲಯವನ್ನು ನೇರವಾಗಿ ಕೇಳಬಹುದಾದವು. ಅಂದಹಾಗೆ ಈ ಸಚಿವಾಲಯ ಹುಟ್ಟಿದ್ದೇ 2019ರಲ್ಲಿ. ಅದಕ್ಕೂ ಮೊದಲಿನ ಉತ್ತರಗಳನ್ನು ಹುಡುಕುವವರು ಕೃಷಿ ಸಚಿವಾಲಯದ ಹೆಸರಿನಲ್ಲಿ ಹುಡುಕಬೇಕು.

ಮಲೆನಾಡಿನವರಿಗೂ ಇದೇ ಗೊಂದಲ. ಕಾಫಿ ಬೆಳೆಗಾರರ ಪ್ರಶ್ನೆ ಕೃಷಿ ಸಚಿವರಿಗೆ ಹೋದರೆ ವ್ಯರ್ಥ, ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಏಲಕ್ಕಿ, ಕಾಳುಮೆಣಸನ್ನು ನೋಡುವ ಸಾಂಬಾರ ಮಂಡಳಿಯೂ ಅಲ್ಲೇ. ಅಡಿಕೆಯ ಆಮದು ಬೆಲೆಯ ಪ್ರಶ್ನೆಯೂ ಅದೇ ಸಚಿವಾಲಯಕ್ಕೆ. ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ 2023ರ ಫೆಬ್ರುವರಿಯಲ್ಲಿ ಏರಿಸಿದ್ದು ವಾಣಿಜ್ಯ ಸಚಿವಾಲಯದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. ಮಂಡ್ಯ, ಬೆಳಗಾವಿಯ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಆಹಾರ ಸಚಿವಾಲಯದ್ದು. ಯೂರಿಯಾ ಗೊಬ್ಬರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ್ದು.

ಬೆಳೆ ವಿಮೆಯದ್ದು ಇನ್ನೂ ಜಟಿಲ. ಯೋಜನೆ ಕೇಂದ್ರದ್ದು, ವಿಮಾ ಕಂಪನಿಯನ್ನು ಟೆಂಡರ್ ಮೂಲಕ ಆರಿಸುವುದು ರಾಜ್ಯ. ಮುಂಗಾರು ಬೆಳೆಗೆ ರೈತ ಕಟ್ಟುವುದು ಶೇ. 2, ಹಿಂಗಾರಿಗೆ ಶೇ. 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5, ಉಳಿದ ಪ್ರೀಮಿಯಂ ಎರಡೂ ಸರ್ಕಾರಗಳು ಹಂಚಿಕೊಳ್ಳಬೇಕು. ಪರಿಹಾರ ತಡವಾದರೆ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಇಲ್ಲಿ ಒಂದೇ ವಾರದಲ್ಲಿ ದೆಹಲಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಹೋಗುವಂತೆ ನೋಡಿಕೊಂಡು, ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರ ಹಣ ಎಲ್ಲಿ ನಿಂತಿದೆ ಎಂಬುದು ಹೊರಬರುತ್ತದೆ. ವಿಧಾನಮಂಡಲದ ಉತ್ತರಗಳು ಕನ್ನಡದಲ್ಲೇ ಸಿಗುತ್ತವೆ. ಸಂಸತ್ತಿನ ಉತ್ತರಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡಿಗರಿಗೆ ಇದೊಂದು ಅನ್ಯಾಯವೇ.

ಈಗ ಪ್ರಶ್ನೆ ಬರೆಯುವುದು. ಲೋಕಸಭೆಯ ನಿಯಮ 41ರ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ರಾಜ್ಯಸಭೆಯಲ್ಲಿ ಮಿತಿ 100. ವಾದ, ವ್ಯಂಗ್ಯ, ಆರೋಪ ಇರಬಾರದು. ಸಚಿವರ ಅಭಿಪ್ರಾಯ ಕೇಳಬಾರದು. ನ್ಯಾಯಾಲಯದ ಮುಂದಿರುವ ವಿಷಯ, ಈಗಾಗಲೇ ಉತ್ತರಿಸಿದ ವಿಷಯ, ಸುಲಭವಾಗಿ ಸಿಗುವ ಪ್ರಕಟಿತ ದಾಖಲೆಗಳಲ್ಲಿರುವ ಮಾಹಿತಿ, ಯಾವುದೂ ನಡೆಯದು. ಕನಿಷ್ಠ 15 ಪೂರ್ಣ ದಿನ ಮೊದಲೇ ಸೂಚನೆ ಕೊಡಬೇಕು.

ಹಾಗಾಗಿ ‘ರೈತರು ಸಾಯುತ್ತಿದ್ದರೂ ವಿಮಾ ಕಂಪನಿಗಳ ಜೊತೆ ಸರ್ಕಾರ ಶಾಮೀಲಾಗಿರುವುದು ನಿಜವೇ?’ ಎಂಬ ಪ್ರಶ್ನೆ ಸಚಿವಾಲಯದ ಮೇಜು ಮುಟ್ಟುವ ಮೊದಲೇ ಬಿದ್ದುಹೋಗುತ್ತದೆ. ಅದರ ಬದಲು ಹೀಗೆ ಬರೆದುಕೊಡಿ: (ಅ) ಕಳೆದ ಮೂರು ಮುಂಗಾರುಗಳಲ್ಲಿ ಕರ್ನಾಟಕದಲ್ಲಿ ಬೆಳೆ ವಿಮೆಗೆ ನೋಂದಾಯಿಸಿದ ರೈತರ ಜಿಲ್ಲಾವಾರು ಸಂಖ್ಯೆ ಎಷ್ಟು, (ಆ) ಪರಿಹಾರ ಪಾವತಿಯಾದ, ಬಾಕಿ ಇರುವ ಮತ್ತು ತಿರಸ್ಕೃತವಾದ ಅರ್ಜಿಗಳೆಷ್ಟು, (ಇ) ಬೆಳೆ ಸಮೀಕ್ಷೆಯ ವಿವರ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ತಿರಸ್ಕರಿಸಿದವೆಷ್ಟು, (ಈ) ಎರಡೂ ಸರ್ಕಾರಗಳು ತಮ್ಮ ಪಾಲಿನ ಪ್ರೀಮಿಯಂ ಬಿಡುಗಡೆ ಮಾಡಿದ ದಿನಾಂಕಗಳು ಯಾವುವು? ದಿನಾಂಕ ಕೇಳುವುದನ್ನು ಎಂದೂ ಬಿಡಬೇಡಿ. ಸಂಖ್ಯೆಯನ್ನು ಹೇಗೆ ಬೇಕಾದರೂ ಬಣ್ಣ ಹಚ್ಚಿ ಕೊಡಬಹುದು, ದಿನಾಂಕಕ್ಕೆ ಬಣ್ಣ ಹತ್ತುವುದಿಲ್ಲ.

ಉತ್ತರ ಬಂದ ಮೇಲೆ ಅದನ್ನು ಓದುವುದೂ ಒಂದು ಕಲೆ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ವಿಷಯ ಪರಿಶೀಲನೆಯಲ್ಲಿದೆ’ ಎಂಬ ಮಾತುಗಳನ್ನು ಜನ ಜಾರಿಕೆ ಎಂದು ಬಿಟ್ಟುಬಿಡುತ್ತಾರೆ. ಸಂಸತ್ತಿನ ಪದ್ಧತಿಯಲ್ಲಿ ಇಂಥ ಮಾತು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಕಾಲಾವಕಾಶ ಬೇಡಿ ಕಾರಣ ಹೇಳಬೇಕು. ಇದನ್ನು ನೋಡಿಕೊಳ್ಳಲು ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಕರ್ನಾಟಕ ವಿಧಾನಮಂಡಲದಲ್ಲೂ ಇದೆ. ಉತ್ತರದ ಸಂಖ್ಯೆ, ದಿನಾಂಕ ನಮೂದಿಸಿ ಸಮಿತಿಯ ಅಧ್ಯಕ್ಷರಿಗೂ ನಿಮ್ಮ ಸಂಸದರಿಗೂ ಪತ್ರ ಬರೆದರೆ ಭರವಸೆ ಕಡತದೊಳಗೆ ನಿದ್ದೆ ಹೋಗುವುದು ಕಷ್ಟ.

ಉತ್ತರವೇ ಸುಳ್ಳಾಗಿದ್ದರೆ? ಸದನದೊಳಗೆ ಆಡಿದ ಮಾತಿಗಾಗಿ ಸದಸ್ಯರ ಮೇಲೆ ಯಾವ ನ್ಯಾಯಾಲಯದಲ್ಲೂ ಮೊಕದ್ದಮೆ ಹೂಡುವಂತಿಲ್ಲ. ಸಂವಿಧಾನದ 105ನೇ ವಿಧಿ, ರಾಜ್ಯಗಳಲ್ಲಿ 194ನೇ ವಿಧಿ, ಆ ರಕ್ಷಣೆ ಕೊಟ್ಟಿದೆ. ಪರಿಹಾರ ಸದನದೊಳಗೇ ಇದೆ. ಲೋಕಸಭೆಯಲ್ಲಿ ಸಚಿವರ ಹೇಳಿಕೆ ತಪ್ಪೆಂದು ಸದಸ್ಯರು ಸ್ಪೀಕರ್ ಅವರ ನಿರ್ದೇಶನ 115ರ ಅಡಿ ಬರೆದುಕೊಡಬಹುದು. ಬೇಕೆಂದೇ ದಾರಿ ತಪ್ಪಿಸಿದ್ದಾದರೆ ನಿಯಮ 222ರ ಅಡಿ ಹಕ್ಕುಚ್ಯುತಿ ಸೂಚನೆ ಕೊಡಬಹುದು. ಉತ್ತರ ಅರೆಬರೆಯಾಗಿದ್ದರೆ ಅದರ ಮೇಲೆ ಅರ್ಧ ಗಂಟೆಯ ಚರ್ಚೆಯನ್ನೂ ಕೇಳಬಹುದು. ಇವೆಲ್ಲಕ್ಕೂ ಸದಸ್ಯರಿಗೆ ಬೇಕಾದ ಪುರಾವೆ ಊರಿನಲ್ಲಿರುವುದು ನಿಮ್ಮ ಕೈಯಲ್ಲಿ: ಪಹಣಿ, ವಿಮೆ ಕಟ್ಟಿದ ರಸೀದಿ, ಬ್ಯಾಂಕ್ ಪಾಸ್‌ಬುಕ್, ದೋಣಿಯ ನೋಂದಣಿ ಪತ್ರ. ಪ್ರತಿ ತೆಗೆದು ಕೊಡಿ, ಮೂಲ ನಿಮ್ಮಲ್ಲೇ ಇರಲಿ.

ಮಾಹಿತಿ ಹಕ್ಕು ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. ಸಚಿವರು ಉತ್ತರ ಕೊಟ್ಟ ಮೇಲೆ ಸಂಬಂಧಪಟ್ಟ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಆ ಉತ್ತರ ಸಿದ್ಧಪಡಿಸಿದ ಕಡತದ ಪ್ರತಿ ಮತ್ತು ರಾಜ್ಯ ಸರ್ಕಾರ ಕಳಿಸಿದ ಮಾಹಿತಿಯ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಕೇಂದ್ರದ ಅರ್ಜಿ 500 ಪದದವರೆಗೆ ಇರಬಹುದು, ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ.

ಒಂದು ಕೆಟ್ಟ ಬದಲಾವಣೆಯನ್ನೂ ತಿಳಿದಿರಬೇಕು. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬ ಸೊಗಸಾದ ವಾಕ್ಯವೊಂದು ಮಾಹಿತಿ ಹಕ್ಕು ಕಾಯ್ದೆಯ 8(1)ನೇ ಕಲಮಿನಲ್ಲಿತ್ತು. ಸಂಸದನಿಗೂ ಸಾಮಾನ್ಯನಿಗೂ ಒಂದೇ ಅಳತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಅಳಿಸಿತು, 2025ರ ನವೆಂಬರ್‌ನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು. ಈಗ ಫಲಾನುಭವಿಗಳ ಪಟ್ಟಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಬಾಗಿಲು ಹಾಕುವುದು ಸುಲಭವಾಗಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2)ನೇ ಕಲಮು ಮಾತ್ರ ಉಳಿದಿದೆ. ಅರ್ಜಿಯಲ್ಲೇ ಅದನ್ನು ಹೆಸರಿಸಿ ಕಾರಣ ಬರೆಯಿರಿ.

ಸಚಿವರ ಉತ್ತರ ಕಾನೂನಲ್ಲ. ಸದನದಲ್ಲಿ ಕೊಡುತ್ತೇವೆ ಎಂದರು ಎಂಬ ಒಂದೇ ಆಧಾರದ ಮೇಲೆ ಹೈಕೋರ್ಟ್‌ಗೆ ಹೋದರೆ ಗೆಲ್ಲುವುದು ಕಷ್ಟ. ಅದರ ಜೊತೆ ಯೋಜನೆಯ ಮಾರ್ಗಸೂಚಿ, ಸರ್ಕಾರಿ ಆದೇಶ, ನಿಮ್ಮ ಅರ್ಹತೆಯ ದಾಖಲೆ ಇದ್ದರೆ, ಇಷ್ಟು ಅರ್ಜಿ ಬಾಕಿ ಇದೆ ಎಂದು ಸರ್ಕಾರವೇ ಒಪ್ಪಿದ ಉತ್ತರ ನಿಮ್ಮ ವಾದಕ್ಕೆ ಬಲ ಕೊಡುತ್ತದೆ.

ಇಡೀ ಊರಿನ, ಇಡೀ ಬಂದರಿನ ಸಮಸ್ಯೆಯಾದರೆ ಸದನಕ್ಕೇ ಅರ್ಜಿ ಸಲ್ಲಿಸುವ ಹಕ್ಕೂ ನಿಮಗಿದೆ. ಒಬ್ಬ ಸದಸ್ಯರ ಮೇಲುಸಹಿ ಬೇಕು. ಮುಂದೆ ಅದನ್ನು ನೋಡುವುದು ಅರ್ಜಿಗಳ ಸಮಿತಿ. ಸಹಕಾರಿ ಸಂಘ, ಮೀನುಗಾರರ ಸಂಘಗಳು ಈ ದಾರಿ ಹಿಡಿಯುವುದು ಕಡಿಮೆ, ಹಿಡಿಯಬೇಕು.

ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ದಿನಾಂಕ ಪ್ರಕಟವಾದ ವಾರದಲ್ಲೇ ಪ್ರಶ್ನೆಯನ್ನು ಬೆರಳಚ್ಚು ಮಾಡಿಸಿ, ಸಂಸದರ ಕಚೇರಿಗೂ ಶಾಸಕರ ಕಚೇರಿಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿ ಸಹಿ ಪಡೆದುಕೊಳ್ಳಿ.