ವಾಹನವೇರಲು ಅಂಜುವ ಕುದುರೆ: ಭಯ ಬಿಡಿಸುವ ಬಗೆ

ಕಾರ್ತಿಕ ಮಾಸದಲ್ಲಿ ತುಲಸೀವಿವಾಹ ಮುಗಿದೊಡನೆ ಠಾಣೆಯ ನೌಪಾಡಾ ಭಾಗದಲ್ಲಿ ಮದುವೆಗಳ ಕಾಲ ಪ್ರಾರಂಭವಾಗುತ್ತದೆ. ವಾದ್ಯಘೋಷದ ನಡುವೆ ಅಲಂಕೃತವಾದ ಬಿಳಿಯ ಕುದುರೆಯ ಮೇಲೆ ವರನು ಬರುವ ದೃಶ್ಯ ಇಲ್ಲಿ ನೆಲೆಸಿದ ಕನ್ನಡಿಗರಿಗೆ ಹೊಸತಲ್ಲ. ಆದರೆ ಮೆರವಣಿಗೆ ಮುಗಿದ ಮೇಲೆ ಆ ಕುದುರೆ ತನ್ನ ಲಾಯಕ್ಕೆ ಹೇಗೆ ಮರಳುತ್ತದೆಂಬುದನ್ನು ನಿಂತು ನೋಡುವವರು ವಿರಳ. ದೂರದಿಂದ ಬಂದ ಕುದುರೆಯಾದರೆ ಟೆಂಪೋ ಅಥವಾ ಲಾರಿಯನ್ನೇರಬೇಕು. ವಾಹನದ ಹಿಂಬಾಗಿಲು ತೆರೆದು ಹಲಗೆಯನ್ನು ಇಳಿಸಿದೊಡನೆ ಕೆಲವು ಕುದುರೆಗಳು ನಾಲ್ಕು ಕಾಲುಗಳನ್ನೂ ನೆಲಕ್ಕೆ ಊರಿ ನಿಂತುಬಿಡುತ್ತವೆ. ಮುಂದಿನಿಂದ ಒಬ್ಬನು ಹಗ್ಗ ಜಗ್ಗುತ್ತಾನೆ. ಹಿಂದಿನಿಂದ ಮತ್ತೊಬ್ಬನು ಕೋಲು ಬೀಸುತ್ತಾನೆ. ನೆರೆದವರು ಅದನ್ನು ಹಟಮಾರಿ ಪ್ರಾಣಿಯೆಂದು ಆಡಿಕೊಳ್ಳುತ್ತಾರೆ.

ವಾಸ್ತವವಾಗಿ ಅದು ಹಟವಲ್ಲ, ಭಯ. ಹಟಕ್ಕೆ ದಂಡನೆ ಮದ್ದಾದೀತೆಂದು ವಾದಿಸುವವರು ಇರಬಹುದು. ಭಯಕ್ಕಂತೂ ದಂಡನೆ ಗೊಬ್ಬರವೇ ಸರಿ. ಕುದುರೆಯ ಭಯವನ್ನು ಬಿಡಿಸುವ ಬಗೆ ಯಾವುದು, ಅದರಿಂದ ಮನುಷ್ಯನು ಕಲಿಯಬಹುದಾದ ಆರೋಗ್ಯಸೂತ್ರ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಪ್ರಶ್ನೆಯ ಮಹತ್ವ

ಕುದುರೆಗಳ ಪ್ರಯಾಣ ಈ ಪ್ರದೇಶದಲ್ಲಿ ಅಪರೂಪದ ಸಂಗತಿಯಲ್ಲ. ಮುಂಬಯಿಯ ಮಹಾಲಕ್ಷ್ಮೀ ಮೈದಾನದಲ್ಲಿ ಚಳಿಗಾಲದ ಪಂದ್ಯಗಳು ಮುಗಿದ ಮೇಲೆ ಮಳೆಗಾಲದ ಪಂದ್ಯಗಳಿಗಾಗಿ ಓಟದ ಕುದುರೆಗಳು ಘಟ್ಟ ಹತ್ತಿ ಪುಣೆಗೆ ಹೋಗುತ್ತವೆ. ಕಲ್ಯಾಣದಾಚೆ ನೇರಳದ ಮೇಲಿರುವ ಮಾಥೇರಾನ ಗಿರಿಧಾಮದಲ್ಲಿ ಪ್ರವಾಸಿಗರ ಮೋಟಾರು ವಾಹನಗಳು ದಸ್ತೂರಿ ನಾಕೆಯಲ್ಲಿಯೇ ನಿಲ್ಲಬೇಕಾದುದರಿಂದ ಅಲ್ಲಿ ಕುದುರೆಯೇ ಅನೇಕ ಕುಟುಂಬಗಳ ಅನ್ನದಾತ.

ಇಂತಹ ಕುದುರೆಗೆ ಒಂದು ರಾತ್ರಿ ಹೊಟ್ಟೆಶೂಲೆ ಬಂದಿತೆಂದು ಭಾವಿಸಿರಿ. ಕುದುರೆ ವಾಂತಿ ಮಾಡಲಾರದ ಪ್ರಾಣಿ. ತೀವ್ರವಾದ ಶೂಲೆ ಕೆಲವೇ ಗಂಟೆಗಳಲ್ಲಿ ಪ್ರಾಣವನ್ನು ಕಳೆಯಬಲ್ಲದು. ಶಸ್ತ್ರಚಿಕಿತ್ಸೆ ಬೇಕಾದರೆ ಅದನ್ನು ದೊಡ್ಡ ಪಶುವೈದ್ಯಾಲಯಕ್ಕೆ ಸಾಗಿಸಲೇಬೇಕು. 1886ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯ ಕಾಲೇಜು ಪರೇಲಿನಲ್ಲಿದೆ. ಆದರೆ ವಾಹನವೇರದ ಕುದುರೆಗೆ ಪರೇಲು ಕಾಶಿಯಷ್ಟೇ ದೂರ. ಆ ಗಳಿಗೆಯಲ್ಲಿ ಪಾಠ ಹೇಳಲು ಸಮಯವಿರುವುದಿಲ್ಲ. ಮಳೆಗೆ ಮುನ್ನ ಮಾಳಿಗೆ ಸೋರದಂತೆ ನೋಡಿಕೊಳ್ಳುವ ಹಾಗೆ, ಕುದುರೆ ಆರೋಗ್ಯವಾಗಿರುವಾಗಲೇ ಈ ಅಭ್ಯಾಸವನ್ನು ಮಾಡಿಸಬೇಕು.

ಕನ್ನಡ ನಾಡಿಗೂ ಕುದುರೆಯ ಪ್ರಯಾಣಕ್ಕೂ ಹಳೆಯ ನಂಟಿದೆ. ವಿಜಯನಗರದ ಅರಸರಿಗೆ ಅರಬಸ್ಥಾನದ ಕುದುರೆಗಳು ಭಟ್ಕಳದಂತಹ ಬಂದರುಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದವು. ಮುಂದೆ ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಕಡಲು ದಾಟಿ ಈಜಿಪ್ಟಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದಿತು. ಆ ವಿಜಯದ ಹಿಂದೆ ಕುದುರೆಗಳನ್ನು ಹಡಗೇರಿಸಿ ಸಂತೈಸಿದ ಲಾಯದಾಳುಗಳ ತಾಳ್ಮೆಯೂ ಇದ್ದಿತೆಂಬುದನ್ನು ಮರೆಯಲಾಗದು.

ಭಯದ ಮೂಲ

ಕುದುರೆ ಬಯಲಿನ ಪ್ರಾಣಿ. ಅದಕ್ಕೆ ಕೊಂಬಿಲ್ಲ. ಓಟವೇ ಅದರ ರಕ್ಷಣೆ. ಓಡಲು ದಾರಿಯಿಲ್ಲದ ಸ್ಥಳವೆಲ್ಲ ಅದರ ಪಾಲಿಗೆ ಅಪಾಯದ ಸ್ಥಳ. ವಾಹನದ ಒಳಗಾದರೋ ಮೂರು ಕಡೆ ಗೋಡೆ, ಮೇಲೆ ಛಾವಣಿ.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುತ್ತಲಿನ ಬಹುಭಾಗವನ್ನು ಒಮ್ಮೆಲೇ ಕಾಣುತ್ತದೆ. ಆದರೆ ಹಣೆಯ ನೇರ ಮುಂದಿನ ಸ್ವಲ್ಪ ಜಾಗವೂ ಬಾಲದ ನೇರ ಹಿಂದಿನ ಜಾಗವೂ ಅದಕ್ಕೆ ಕಾಣುವುದಿಲ್ಲ. ಬಿಸಿಲಿನಿಂದ ಕತ್ತಲೆಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ಮಟಮಟ ಮಧ್ಯಾಹ್ನ ಲಾರಿಯ ಬಾಗಿಲಲ್ಲಿ ನಿಂತ ಕುದುರೆಗೆ ಎದುರಿಗಿರುವುದು ಒಂದು ಕಪ್ಪು ಗವಿ. ಅದರ ಮೇಲೆ, ಕಾಲಿಟ್ಟೊಡನೆ ಟೊಳ್ಳಾಗಿ ಸದ್ದು ಮಾಡಿ ಅಲುಗಾಡುವ ಹಲಗೆ.

ಇನ್ನೊಂದು ಮೂಲವೆಂದರೆ ನೆನಪು. ತೆನಾಲಿ ರಾಮನು ಕುದಿಯುವ ಹಾಲನ್ನಿಟ್ಟ ಮೇಲೆ ಅವನ ಬೆಕ್ಕು ಹಾಲನ್ನು ಕಂಡರೇ ಓಡಿಹೋಗುತ್ತಿದ್ದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಹಿಂದೊಮ್ಮೆ ವಾಹನದಲ್ಲಿ ಜಾರಿಬಿದ್ದ, ತಲೆ ಬಡಿಸಿಕೊಂಡ, ಅಥವಾ ಅವಸರದ ಚಾಲಕನ ತಿರುವುಗಳಲ್ಲಿ ತತ್ತರಿಸಿದ ಕುದುರೆಯೂ ಆ ಬೆಕ್ಕಿನಂತೆಯೇ. ನೋವೂ ಕಾರಣವಾಗಿರಬಹುದು. ಕಾಲು ಅಥವಾ ಬೆನ್ನಿನ ಬೇನೆಯುಳ್ಳ ಕುದುರೆಗೆ ಇಳಿಜಾರನ್ನು ಏರುವುದೇ ಹಿಂಸೆ. ಆದುದರಿಂದ ಅಭ್ಯಾಸಕ್ಕೆ ಮೊದಲು ಪಶುವೈದ್ಯರಿಂದ ಕಣ್ಣು, ಕಾಲು, ಬೆನ್ನುಗಳನ್ನು ಪರೀಕ್ಷೆ ಮಾಡಿಸತಕ್ಕದ್ದು.

ಸಿದ್ಧತೆ

ವಾಹನವನ್ನು ಸಮತಟ್ಟಾದ ನೆಲದಲ್ಲಿ, ಜನಸಂದಣಿಯಿಲ್ಲದ ಕಡೆ ನಿಲ್ಲಿಸಿ ಗಾಲಿಗಳಿಗೆ ಅಡೆ ಕೊಡಬೇಕು. ಏರುಹಲಗೆ ಕಡಿದಾಗಿರಬಾರದು, ಅಲುಗಾಡಬಾರದು. ಅದರ ಮೇಲೆ ತೆಂಗಿನ ನಾರಿನ ಅಥವಾ ರಬ್ಬರಿನ ಚಾಪೆ ಹಾಸಿದರೆ ಜಾರುವಿಕೆ ತಪ್ಪುತ್ತದೆ, ಸದ್ದೂ ಅಡಗುತ್ತದೆ. ಒಳಗೆ ಬೆಳಕು ಬೀಳುವಂತಿರಬೇಕು. ನಡುವಣ ಅಡ್ಡಗೋಡೆಯನ್ನು ಸರಿಸಲು ಬರುವಂತಿದ್ದರೆ ಸರಿಸಿ ಜಾಗವನ್ನು ವಿಶಾಲಗೊಳಿಸಬೇಕು.

ಕುದುರೆಯನ್ನು ಹಿಡಿಯುವವನು ಕೈಗವಸು, ಗಟ್ಟಿಯಾದ ಪಾದರಕ್ಷೆ, ಶಿರಸ್ತ್ರಾಣಗಳನ್ನು ಧರಿಸಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದು. ಕುದುರೆ ಬೆದರಿ ಹಾರಿದರೆ ಬೆರಳುಗಳು ಹೋದಾವು. ಕುದುರೆಯ ನೇರ ಹಿಂದೆ ಯಾರೂ ನಿಲ್ಲಕೂಡದು.

ಅಭ್ಯಾಸದ ಮೆಟ್ಟಿಲುಗಳು

ಮೊದಲನೆಯದಾಗಿ, ವಾಹನದಿಂದ ದೂರದಲ್ಲಿಯೇ ಪಾಠ ಪ್ರಾರಂಭವಾಗಬೇಕು. ತಲೆಪಟ್ಟಿಯ ಹಗ್ಗವನ್ನು ಹಗುರವಾಗಿ ಎಳೆದು ಹಿಡಿದಾಗ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ತಕ್ಷಣ ಹಗ್ಗವನ್ನು ಸಡಿಲಿಸಬೇಕು. ಈ ಸಡಿಲವೇ ಅದಕ್ಕೆ ಸಲ್ಲುವ ಬಹುಮಾನ. ಹೆಜ್ಜೆಯಿಟ್ಟ ಮೇಲೂ ಜಗ್ಗುತ್ತಲೇ ಇದ್ದರೆ, ಹೇಳಿದಂತೆ ಕೇಳಿದರೂ ಬಿಡುಗಡೆಯಿಲ್ಲವೆಂದು ಕುದುರೆ ಕಲಿಯುತ್ತದೆ. ಇದೇ ರೀತಿ ನಿಲ್ಲುವುದನ್ನೂ ಹಿಂದೆ ಸರಿಯುವುದನ್ನೂ ಕಲಿಸಬೇಕು. ಹಿಂದಕ್ಕೆ ನಡೆಯಲು ಬಾರದ ಕುದುರೆ ಏರಿದ ಮೇಲೆ ಇಳಿಯಲಾರದೆ ಗಾಬರಿಗೊಳ್ಳುತ್ತದೆ.

ಎರಡನೆಯದಾಗಿ, ನೆಲದ ಮೇಲೆ ಹಾಸಿದ ಚಾಪೆ, ಅನಂತರ ಗಟ್ಟಿಮುಟ್ಟಾದ ಹಲಗೆ, ಇವುಗಳ ಮೇಲೆ ನಡೆಸಿ ಕಾಲಡಿಯ ಹೊಸ ಸದ್ದಿಗೆ ಒಗ್ಗಿಸಬೇಕು.

ಮೂರನೆಯದಾಗಿ, ವಾಹನದ ಕಡೆಗೆ ನಡೆಸಬೇಕು. ಕಿವಿ ನಿಮಿರಿ, ತಲೆ ಮೇಲೆದ್ದು, ಮೂಗಿನ ಹೊಳ್ಳೆಗಳು ಅರಳಿದ ಸ್ಥಳವೇ ಆ ದಿನದ ಗಡಿ. ಅಲ್ಲಿ ನಿಂತು, ಅದು ತಲೆ ತಗ್ಗಿಸಿ ಉಸಿರು ಬಿಡುವವರೆಗೆ ಕಾದು, ತಾನಾಗಿ ಓಡುವ ಮೊದಲೇ ಅದನ್ನು ಹಿಂದಕ್ಕೆ ತಿರುಗಿಸಿಕೊಂಡು ಬರಬೇಕು. ಮರುಸಲ ಆ ಗಡಿ ಎರಡು ಹೆಜ್ಜೆ ಮುಂದೆ ಸರಿದಿರುವುದನ್ನು ಕಾಣಬಹುದು. ಕುತ್ತಿಗೆ ಬೆನ್ನನ್ನು ಸೇರುವೆಡೆಯಲ್ಲಿ ಮೆಲ್ಲನೆ ತುರಿಸುವುದೂ ಶಾಂತಿದಾಯಕ. ಆ ಭಾಗವನ್ನು ತುರಿಸಿದಾಗ ಎದೆಬಡಿತ ಇಳಿಯುವುದನ್ನು ಫ್ರಾನ್ಸಿನ ಕಾಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ನಾಲ್ಕನೆಯದಾಗಿ, ಹಲಗೆಯ ಮೇಲೆ ಒಂದು ಗೊರಸು. ಇಟ್ಟೊಡನೆ ಹೊಗಳಿ, ಹಿಂದಕ್ಕೆ ಇಳಿಸಬೇಕು. ಅನಂತರ ಎರಡು ಗೊರಸು, ಮತ್ತೆ ಇಳಿಕೆ. ಕೊನೆಗೆ ನಾಲ್ಕೂ ಗೊರಸು, ಮತ್ತೆ ಇಳಿಕೆ. ಕಷ್ಟಪಟ್ಟು ಏರಿಸಿದ್ದನ್ನು ಇಳಿಸುವುದೇಕೆಂದು ಹೊಸಬರಿಗೆ ತೋರಬಹುದು. ಪಾಠದ ತಿರುಳು ಇರುವುದೇ ಇಲ್ಲಿ. ಹೊರಬರುವ ದಾರಿ ತನಗಿದೆ ಎಂದು ನಂಬಿದ ಕುದುರೆ ಮಾತ್ರ ಒಳಗೆ ಹೋಗಲು ಒಪ್ಪುತ್ತದೆ.

ಐದನೆಯದಾಗಿ, ಒಳಗೆ ಹುಲ್ಲನ್ನೋ ನೆನೆಸಿದ ಹುರುಳಿಯನ್ನೋ ಇಟ್ಟು ಅಲ್ಲಿ ನಿಲ್ಲುವ ಅವಧಿಯನ್ನು ಒಂದು ನಿಮಿಷದಿಂದ ಹತ್ತು ನಿಮಿಷಕ್ಕೆ ಏರಿಸುತ್ತ ಹೋಗಬೇಕು. ಅನಂತರ ಹಿಂದಿನ ಅಡ್ಡಪಟ್ಟಿ, ಆಮೇಲೆ ಬಾಗಿಲು, ಆಮೇಲೆ ಯಂತ್ರದ ಸದ್ದು, ಕಡೆಯಲ್ಲಿ ಒಂದು ಚಿಕ್ಕ ಸುತ್ತು ಹೊಡೆದು ಮರಳಿ ತನ್ನ ಲಾಯಕ್ಕೇ ಬರುವ ಪ್ರಯಾಣ.

ಪ್ರತಿ ಪಾಠವೂ ಹತ್ತು-ಹದಿನೈದು ನಿಮಿಷಗಳನ್ನು ಮೀರದಿರಲಿ. ಕುದುರೆ ಬೆದರಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಅದು ಗೆದ್ದ ಹೆಜ್ಜೆಯಲ್ಲಿಯೇ ಅಂದಿನ ಪಾಠವನ್ನು ಮುಗಿಸಬೇಕು. ವಿಶ್ವಾಸವು ಕೂಡಿಟ್ಟ ಹಣದಂತೆ. ದಿನವೂ ಬಿಡಿಕಾಸಾಗಿ ಜಮೆಯಾದದ್ದನ್ನು ಒಂದು ದಿನದ ಕೋಲು ಪೂರ್ತಿಯಾಗಿ ಖರ್ಚು ಮಾಡಿಬಿಡುತ್ತದೆ.

ಅನುಭವದ ಸಾಕ್ಷಿ

ಈ ವಿಧಾನಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದಲ್ಲಿ ಫರ್ಗುಸನ್ ಮತ್ತು ರೊಸಾಲೆಸ್-ರೂಯಿಜ್ ಎಂಬ ಸಂಶೋಧಕರು ವಾಹನವೇರಲು ನಿರಾಕರಿಸುತ್ತಿದ್ದ ಐದು ಕುದುರೆಗಳಿಗೆ, ಒಂದು ಗುರುತಿನ ವಸ್ತುವನ್ನು ಮೂಗಿನಿಂದ ಮುಟ್ಟಿದರೆ ತಿನಿಸು ಕೊಡುವ ಅಭ್ಯಾಸವನ್ನು ಮಾಡಿಸಿ, ಆ ವಸ್ತುವನ್ನು ಹೆಜ್ಜೆ ಹೆಜ್ಜೆಯಾಗಿ ವಾಹನದೊಳಗೆ ಸರಿಸುತ್ತ ಹೋದರು. ಹಿಂದೆ ಹಗ್ಗ ಚಾವಟಿಗಳಿಗೂ ಬಗ್ಗದಿದ್ದ ಆ ಕುದುರೆಗಳು ಬಲವಂತವಿಲ್ಲದೆ ಏರಿದವು. ಈ ಪ್ರಯೋಗದ ವರದಿ 2001ರಲ್ಲಿ ಪ್ರಕಟವಾಯಿತು.

ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರು ದಸರೆಗೆ ಮುನ್ನ ನಡೆಯುವ ತಾಲೀಮನ್ನು ಕಂಡವರು ಇದೇ ತತ್ತ್ವವನ್ನು ಕಂಡಂತೆಯೇ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಆನೆಯ ಮೇಲೆ ಒಮ್ಮೆಲೇ ಏರಿಸುವುದಿಲ್ಲ. ಮೊದಲು ಬರಿಯ ನಡಿಗೆ, ಅನಂತರ ಮರಳುಮೂಟೆ, ಅನಂತರ ಮರದ ಅಂಬಾರಿ, ಹೀಗೆ ಭಾರವನ್ನು ಏರಿಸುತ್ತಾರೆ. ಕುಶಾಲತೋಪಿನ ಸದ್ದಿಗೆ ಆನೆಗಳೂ ಅಶ್ವಾರೋಹಿ ದಳದ ಕುದುರೆಗಳೂ ಬೆದರದಂತೆ ಹಲವು ಸುತ್ತು ಫಿರಂಗಿ ತಾಲೀಮು ನಡೆಸುತ್ತಾರೆ. ವಿಜಯದಶಮಿಯ ದಿನ ಲಕ್ಷಾಂತರ ಜನರ ನಡುವೆ ಅವು ತೋರುವ ಗಾಂಭೀರ್ಯ ವಾರಗಟ್ಟಲೆ ನಡೆದ ಸಾಧನೆಯ ಫಲ.

ಪ್ರಯಾಣದಲ್ಲಿ ಎಚ್ಚರಿಕೆ

ಹಿಂದಿನ ಅಡ್ಡಪಟ್ಟಿಯನ್ನು ಹಾಕಿದ ಮೇಲೆಯೇ ತಲೆಯ ಹಗ್ಗವನ್ನು ಕಟ್ಟತಕ್ಕದ್ದು. ಇಳಿಸುವಾಗ ಮೊದಲು ತಲೆಯ ಹಗ್ಗವನ್ನು ಬಿಚ್ಚಿ ಅನಂತರ ಅಡ್ಡಪಟ್ಟಿಯನ್ನು ತೆಗೆಯತಕ್ಕದ್ದು. ಈ ಕ್ರಮ ತಪ್ಪಿದರೆ, ಹಿಂದೆ ದಾರಿ ತೆರೆದಿದ್ದೂ ಕತ್ತು ಬಿಗಿದಿರುವ ಕುದುರೆ ಗಾಬರಿಯಿಂದ ಗಾಯಗೊಳ್ಳುತ್ತದೆ. ತಲೆಯನ್ನು ಎತ್ತರದಲ್ಲಿ ಬಿಗಿದು ಬಹುದೂರ ಸಾಗಿಸಿದರೆ ಶ್ವಾಸನಾಳದ ಕಸ ಹೊರಬೀಳದೆ ಪುಪ್ಪುಸದ ಉರಿಯೂತಕ್ಕೆ ಎಡೆಯಾಗುತ್ತದೆ. ಆದ್ದರಿಂದ ಆಗಾಗ ವಾಹನವನ್ನು ನಿಲ್ಲಿಸಿ ತಲೆ ತಗ್ಗಿಸಲು ಬಿಟ್ಟು, ನೀರು ಕುಡಿಸಬೇಕು. ಶಾಂತಗೊಳಿಸುವ ಔಷಧವನ್ನು ವೈದ್ಯರಲ್ಲದೆ ಬೇರೆ ಯಾರೂ ಕೊಡಕೂಡದು. ಮಂಪರಿನಲ್ಲಿರುವ ಕುದುರೆ ಸಮತೋಲ ತಪ್ಪಿ ಬೀಳಬಹುದು. ಚಾಲಕನು, ತನ್ನ ಪಕ್ಕದಲ್ಲಿ ತುಂಬಿದ ಕಾಫಿಯ ಲೋಟವಿದೆಯೆಂಬಂತೆ ವಾಹನವನ್ನು ನಡೆಸಬೇಕು. ಅವನ ಒಂದು ಒರಟು ತಿರುವು ತಿಂಗಳ ಪಾಠವನ್ನು ಅಳಿಸಿಹಾಕಬಲ್ಲದು.

ಮನುಷ್ಯನಿಗೂ ಇದೇ ಮದ್ದು

ಮನುಷ್ಯರ ಭಯರೋಗಗಳಿಗೂ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಸುವ ಚಿಕಿತ್ಸೆಯನ್ನು ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು 1958ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅದರ ಉಪಯೋಗ ಇಲ್ಲಿನ ಕನ್ನಡ ಕುಟುಂಬಗಳಿಗೆ ಹತ್ತಿರದ್ದೇ. ಧಾರವಾಡದಿಂದಲೋ ಕುಂದಾಪುರದಿಂದಲೋ ಮಗನ ಮನೆಗೆ ಬಂದ ವೃದ್ಧ ತಾಯಿ ಠಾಣೆ ನಿಲ್ದಾಣದ ನೂಕುನುಗ್ಗಲನ್ನು ಕಂಡು ಕಾಲು ಹಿಂದೆಗೆಯುತ್ತಾಳೆ. ಅವಸರದ ಮಗ ಅವಳ ಕೈಹಿಡಿದು ಎಳೆಯುತ್ತಾನೆ. ಇಂತಹ ಬಲವಂತದ ಮಾಘಸ್ನಾನದ ಪರಿಣಾಮವಾಗಿ ಅವಳು ಮತ್ತೆ ಮನೆಯ ಹೊಸ್ತಿಲು ದಾಟಲು ಒಪ್ಪುವುದಿಲ್ಲ. ನಾಲ್ಕು ಗೋಡೆಗಳ ನಡುವೆ ಅವಳ ನಡಿಗೆಯೂ ಮನಸ್ಸೂ ಸೊರಗುತ್ತವೆ.

ಅದಕ್ಕೆ ಬದಲಾಗಿ ಒಂದು ಭಾನುವಾರದ ಮಧ್ಯಾಹ್ನ ಅವಳನ್ನು ನಿಲ್ದಾಣಕ್ಕೆ ಕರೆದೊಯ್ದು, ಗಾಡಿಗಳು ಬಂದುಹೋಗುವುದನ್ನು ಬೆಂಚಿನ ಮೇಲೆ ಕುಳಿತು ನೋಡಿಸಿ ಮರಳಬಹುದು. ಮುಂದಿನ ವಾರ ಠಾಣೆಯಿಂದಲೇ ಹೊರಡುವ, ಖಾಲಿಯಾಗಿ ನಿಂತ ನಿಧಾನ ಗಾಡಿಯನ್ನು ಹತ್ತಿಸಿ, ಅದು ಹೊರಡುವ ಮೊದಲೇ ಇಳಿಸಬಹುದು. ಅದರ ಮುಂದಿನ ವಾರ ಒಂದೇ ನಿಲ್ದಾಣ ದೂರದ ಮುಲುಂಡಿಗೆ ಹೋಗಿ ಬರಬಹುದು. ಬೇಡವೆನಿಸಿದರೆ ಇಳಿದುಬಿಡೋಣ ಎಂಬ ಒಂದು ಮಾತೇ ಅವಳನ್ನು ಹತ್ತಿಸಬಲ್ಲದು.

ಹಗ್ಗವನ್ನು ಹಿಡಿಯುವುದು ಎಲ್ಲರಿಗೂ ಬರುತ್ತದೆ. ಸಕಾಲದಲ್ಲಿ ಸಡಿಲಿಸುವುದನ್ನು ಕಲಿಯಬೇಕು. ಹಾಗೆ ಕಲಿತವನ ಹಿಂದೆ ಕುದುರೆ ಒಂದು ಸಂಜೆ ಹಲಗೆಯನ್ನೇರಿ ತಾನಾಗಿಯೇ ನಡೆದು ಬರುತ್ತದೆ.