ಬೆಟ್ಟದ ಕಡೆ, ಕಡಲ ಕಡೆ: ಬಾಲಿ ದ್ವೀಪದ ಸೈಕಲ್ ಪ್ರವಾಸದ ಪಾಠ



ಭಾನುವಾರ ವಾಚನಾಲಯದ ಬಾಗಿಲು ತೆರೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತಿರುವ ಹಿರಿಯರೊಬ್ಬರನ್ನು ನೀವೆಲ್ಲ ಬಲ್ಲಿರಿ. ವಿಜಯಪುರ ಜಿಲ್ಲೆಯವರು, ನಮ್ಮ ಗಿರಣಿಯ ನೇಯ್ಗೆ ಖಾತೆಯಲ್ಲಿ ಮೂವತ್ತು ವರ್ಷ ದುಡಿದವರು. ಹೆಸರು ಹಾಕಬೇಡಿರೆಂದು ಹೇಳಿದ್ದರಿಂದ ಹಾಕಿಲ್ಲ. ಅವರ ಮಗ ಸಿಂಗಪುರದಲ್ಲಿ ಹಡಗು ದುರಸ್ತಿಯ ಕೆಲಸದಲ್ಲಿದ್ದಾನೆ. ಬರುವ ಜುಲೈಯಲ್ಲಿ ಅವನೂ ಅವನ ಜೊತೆಗಾರರೂ ಕೂಡಿ ಹನ್ನೆರಡು ಜನ ಇಂಡೊನೇಷಿಯಾ ದೇಶದ ಬಾಲಿ ಮತ್ತು ಲೊಂಬೊಕ್ ದ್ವೀಪಗಳಲ್ಲಿ ಮಾರ್ಗದರ್ಶಿಯೊಡನೆ ಏಳು ದಿನ ಸೈಕಲ್ ಪ್ರವಾಸ ಹೊರಡುವರಂತೆ. "ಅಪ್ಪಾ, ನೀನೂ ಬಾ" ಎಂದು ತಂದೆಯನ್ನು ಕರೆದಿದ್ದಾನೆ.

ಹಿರಿಯರು ಕಾರ್ಯಕ್ರಮದ ಹಾಳೆಯನ್ನು ನನ್ನ ಮೇಜಿನ ಮೇಲೆ ಹರವಿ ಕೇಳಿದರು: "ಅಲ್ರೀ ರಾಯರ, ನಕ್ಷಾದಾಗ ನೋಡಿದ್ರ ಹೆಬ್ಬೆಟ್ಟಿನಷ್ಟು ಅದ ಈ ನಡುಗಡ್ಡಿ. ನಾ ಮೂವತ್ತು ವರ್ಷ ದಿನಾ ಹದಿನೆಂಟು ಕಿಲೋಮೀಟರ್ ಸೈಕಲ್ ತುಳದೀನಿ. ಇದಕ್ಕ ಮುಂದೊಬ್ಬ ಮಾರ್ಗದರ್ಶಿ, ಹಿಂದೊಂದು ಗಾಡಿ, ಯಾಕ್ರೀ?"

ಪ್ರಶ್ನೆ ನ್ಯಾಯವಾದದ್ದೆ. ಬಾಲಿ ಪೂರ್ವ ಪಶ್ಚಿಮವಾಗಿ ಸುಮಾರು 150 ಕಿಲೋಮೀಟರು, ಉತ್ತರ ದಕ್ಷಿಣವಾಗಿ ಸುಮಾರು 110, ಅಷ್ಟೆ. ನಾನು ಆ ಕಡೆ ಹೋದವನಲ್ಲ. ನಕ್ಷೆ ಪುಸ್ತಕವನ್ನೂ ಕೈಗೆ ಸಿಕ್ಕ ಇತರ ಪುಸ್ತಕಗಳನ್ನೂ ಓದಿ ಅವರಿಗೆ ಎರಡು ಭಾನುವಾರ ಹೇಳಿದ್ದನ್ನೇ ಇಲ್ಲಿ ಪಾಠವಾಗಿ ಬರೆದಿದ್ದೇನೆ. ನಮ್ಮಲ್ಲಿ ಬಹುಮಂದಿ ಸೈಕಲ್ ಸವಾರರಾದ್ದರಿಂದ ಉಳಿದವರಿಗೂ ಉಪಯೋಗವಾದೀತು.

ಮೊದಲು ಬಾಲಿಯ ಜನರಿಂದಲೇ ಎರಡು ಮಾತು ಕಲಿಯೋಣ. ನಾವು ದಿಕ್ಕನ್ನು ಸೂರ್ಯನಿಂದ ಹೇಳುತ್ತೇವೆ: ಮೂಡಣ, ಪಡುವಣ. ಅವರಲ್ಲಿಯೂ ಅದು ಉಂಟು. ಆದರೆ ಅದಕ್ಕಿಂತ ಮುಖ್ಯವಾದವು 'ಕಜ' ಮತ್ತು 'ಕೆಲೊದ್' ಎಂಬ ಎರಡು ದಿಕ್ಕುಗಳು. ಕಜ ಎಂದರೆ ಬೆಟ್ಟದ ಕಡೆ. ಕೆಲೊದ್ ಎಂದರೆ ಕಡಲ ಕಡೆ. ಬೆಟ್ಟವು ದ್ವೀಪದ ನಡುವೆ ಇರುವುದರಿಂದ ದಕ್ಷಿಣ ಬಾಲಿಯವನಿಗೆ ಕಜ ಎಂದರೆ ಉತ್ತರ, ಉತ್ತರ ಬಾಲಿಯವನಿಗೆ ಅದೇ ಮಾತು ದಕ್ಷಿಣ! ದೇವಸ್ಥಾನ ಕಟ್ಟುವುದು, ಮಲಗುವಾಗ ತಲೆ ಇಡುವುದು ಎಲ್ಲಕ್ಕೂ ಕಜ ದಿಕ್ಕೇ ಶ್ರೇಷ್ಠ. ನಮ್ಮ ಕರಾವಳಿಯವರು "ಘಟ್ಟದ ಮೇಲೆ", "ಘಟ್ಟದ ಕೆಳಗೆ" ಎಂದು ಹೇಳುವರಲ್ಲವೆ? ಅದನ್ನೇ ದಿಕ್ಕಾಗಿ ಮಾಡಿಕೊಂಡರೆ ಹೇಗೋ ಹಾಗೆ. ಬಾಲಿಯಲ್ಲಿ ಸೈಕಲ್ ತುಳಿಯುವವನಿಗೆ ಊರುಗಳ ಹೆಸರಿಗಿಂತ ಈ ಎರಡು ಶಬ್ದಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಹೇಗೆಂದು ಹೇಳುತ್ತೇನೆ.

ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ, ಅನೇಕ ಫಲಕಗಳು. ನಮ್ಮ ಹಿಂದೂ ಮಹಾಸಾಗರದ ತಳದ ಫಲಕವು ಜಾವಾ, ಬಾಲಿಗಳ ದಕ್ಷಿಣದಲ್ಲಿ ಮತ್ತೊಂದು ಫಲಕದ ಅಡಿಗೆ ಮೆಲ್ಲಗೆ ಇಳಿಯುತ್ತಿದೆ. ಆಳಕ್ಕೆ ಹೋದಂತೆ ಅದರೊಳಗಿನ ನೀರು ಹೊರಬಂದು ಮೇಲಿನ ಬಿಸಿ ಬಂಡೆಯನ್ನು ಕರಗಿಸುತ್ತದೆ. ಕರಗಿದ ಬಂಡೆ ಮೇಲಕ್ಕೆ ಉಕ್ಕುತ್ತದೆ. ಆದ್ದರಿಂದಲೇ ಸುಮಾತ್ರಾ, ಜಾವಾ, ಬಾಲಿ, ಲೊಂಬೊಕ್ ಉದ್ದಕ್ಕೂ ಜ್ವಾಲಾಮುಖಿಗಳು ಸಾಲಾಗಿ ನಿಂತಿವೆ. ಬಾಲಿಯ ಆಗುಂಗ್ ಪರ್ವತದ ಎತ್ತರ 3,000 ಮೀಟರಿಗೂ ಮೇಲು. ಪಕ್ಕದ ಲೊಂಬೊಕ್‌ನ ರಿಂಜಾನಿ 3,726 ಮೀಟರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರಿಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ, ಹೆಬ್ಬೆಟ್ಟಿನಷ್ಟು ದ್ವೀಪದ ಮೇಲೆ ಎಂಥ ಗುಡ್ಡ ಕುಳಿತಿದೆಯೆಂದು ತಿಳಿದೀತು.

ಈಗ ರಸ್ತೆಯ ವಿಚಾರ. ಜ್ವಾಲಾಮುಖಿ ಉಗುಳಿದ ಬೂದಿಯ ನೆಲ ಮೆತ್ತಗೆ. ಮಳೆಯೋ ವಿಪರೀತ. ನೀರು ಬೆಟ್ಟದ ನೆತ್ತಿಯಿಂದ ಕಡಲಿಗೆ ನೇರವಾಗಿ ಓಡುತ್ತ ನೆಲವನ್ನು ಆಳವಾಗಿ ಕೊರೆದಿದೆ. ದಕ್ಷಿಣ ಬಾಲಿಯ ನಕ್ಷೆಯನ್ನು ನೋಡಿದರೆ ಬಾಚಣಿಗೆಯ ಹಲ್ಲುಗಳಂತೆ ಕೊರಕಲುಗಳು ಕಾಣುತ್ತವೆ. ಎರಡು ಕೊರಕಲುಗಳ ನಡುವಿನ ದಿಣ್ಣೆಯ ಮೇಲೆ ಊರು, ದಾರಿ. ಕಜ ದಿಕ್ಕಿಗೆ ಹೋದರೆ ಒಂದೇ ಸಮನಾದ ಏರು. ಕೆಲೊದ್ ದಿಕ್ಕಿಗೆ ಒಂದೇ ಸಮನಾದ ಇಳಿಜಾರು. ಆದರೆ ನಕ್ಷೆಯಲ್ಲಿ ಹತ್ತಿರವಿದೆಯೆಂದು ಪೂರ್ವದಿಂದ ಪಶ್ಚಿಮಕ್ಕೆ ಅಡ್ಡಲಾಗಿ ಹೊರಟಿರೋ, ಪ್ರತಿ ಕೊರಕಲಿಗೂ ಇಳಿದು ಮತ್ತೆ ಹತ್ತಬೇಕು. ಹತ್ತು ಕಿಲೋಮೀಟರು ಇಪ್ಪತ್ತೈದರಂತೆ ದಣಿಸುತ್ತದೆ. ಮಾರ್ಗದರ್ಶಿಯ ಮೊದಲ ಕೆಲಸ ಇದು: ಹಲ್ಲಿನ ಉದ್ದಕ್ಕೆ ಎಲ್ಲಿ ಹೋಗಬೇಕು, ಅಡ್ಡಕ್ಕೆ ಎಲ್ಲಿ ದಾಟಬೇಕು ಎಂದು ಬಲ್ಲವನಾಗಿರುವುದು. ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು.

ಆ ಹಾಳೆಯ ಪ್ರಕಾರ ಪ್ರವಾಸ ಜಾವಾದ ಪೂರ್ವ ತುದಿಯಿಂದ ಆರಂಭ. ಅಲ್ಲಿಂದ ಕಿರಿದಾದ ಜಲಸಂಧಿಯನ್ನು ಹಡಗಿನಲ್ಲಿ ದಾಟಿದರೆ ಬಾಲಿಯ ಗಿಲಿಮನುಕ್ ಬಂದರು. ಮುಂದೆ ಎರಡು ದಿನ ಉತ್ತರದ ಕಡಲಂಚಿನ ರಸ್ತೆ, ಬಹುಮಟ್ಟಿಗೆ ಸಮತಟ್ಟು. ನಮ್ಮಂತೆಯೇ ಅಲ್ಲಿಯೂ ವಾಹನಗಳು ಎಡಬದಿಗೆ ಚಲಿಸುತ್ತವೆ. ಆ ಮಟ್ಟಿಗೆ ಸುಖ. ಆದರೆ ಭೂಮಧ್ಯರೇಖೆಯಿಂದ ಕೇವಲ 8 ಡಿಗ್ರಿ ದಕ್ಷಿಣದ ನಾಡು; ಕಡಲ ತೇವದಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಬರಿಯ ನೀರಲ್ಲದೆ ಉಪ್ಪು, ಸಕ್ಕರೆಯೂ ಬೇಕು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ನೆರಳು ಸೇರುವುದು ಇಂಥ ಗುಂಪುಗಳ ರೂಢಿ.

ಈ ಕಡಲಂಚಿನಲ್ಲಿ ಕುಬುತಂಬಹನ್ ಎಂಬ ಊರಿದೆ. ಅಲ್ಲಿಯ ಮೆದುವೆ ಕರಂಗ್ ದೇವಸ್ಥಾನದ ಗೋಡೆಯ ಮೇಲೆ ಸೈಕಲ್ ತುಳಿಯುತ್ತಿರುವ ಮನುಷ್ಯನ ಉಬ್ಬುಶಿಲ್ಪವಿದೆ! ಅದು 1904ರಲ್ಲಿ ಬಾಲಿಯನ್ನು ಸೈಕಲ್ಲಿನಲ್ಲಿ ಸುತ್ತಿದ ನ್ಯೂವೆನ್‌ಕಾಂಪ್ ಎಂಬ ಡಚ್ ಚಿತ್ರಕಾರನದೆಂದು ಹೇಳುತ್ತಾರೆ. ಹಿಂದಿನ ಚಕ್ರದ ಜಾಗದಲ್ಲಿ ಶಿಲ್ಪಿ ಅರಳಿದ ತಾವರೆಯನ್ನು ಕೆತ್ತಿದ್ದಾನೆ. ಹಿರಿಯರು ಚಿತ್ರವನ್ನು ನೋಡಿ, "ಪಂಕ್ಚರ್ ಆಗಾಂಗಿಲ್ಲ ಬಿಡ್ರಿ" ಎಂದರು.

ಅದೇ ಊರಿನಿಂದ ಕಜ ದಿಕ್ಕಿಗೆ ತಿರುಗಿದರೆ ದೊಡ್ಡ ಏರು. ಸುಮಾರು 40 ಕಿಲೋಮೀಟರಿನಲ್ಲಿ ಕಡಲ ಮಟ್ಟದಿಂದ 1,500 ಮೀಟರು ಎತ್ತರದ ಕಿಂತಾಮಣಿಗೆ ಹತ್ತಬೇಕು. (ನಮ್ಮ ಚಿಂತಾಮಣಿಯೇ ಅಲ್ಲಿ ಮನೆಮಾಡಿದಂತೆ ಕೇಳಿಸುತ್ತದೆ.) ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಗುಮಾಸ್ತನ ಕೈ ಸುಮ್ಮನಿರದು. ಸವಾರ 70 ಕಿಲೋ, ಸೈಕಲ್ಲು 15 ಕಿಲೋ, ಒಟ್ಟು 85. ಇಷ್ಟು ಭಾರವನ್ನು 1,500 ಮೀಟರ್ ಎತ್ತಲು ಸುಮಾರು 12½ ಲಕ್ಷ ಜೌಲ್ ಶಕ್ತಿ ಬೇಕು. ಸಾಮಾನ್ಯ ಆರೋಗ್ಯದ ಮನುಷ್ಯ ಗಂಟೆಗಟ್ಟಲೆ ಬಿಡದೆ ಕೊಡಬಲ್ಲದ್ದು ಸುಮಾರು 100 ವಾಟ್, ಎಂದರೆ ಹಳೆಯ ಕಾಲದ ಒಂದು ಬಲ್ಬು ಉರಿಯುವಷ್ಟು. ಆ ಲೆಕ್ಕದಲ್ಲಿ ವಿಶ್ರಾಂತಿ ಬಿಟ್ಟು ಮೂರೂವರೆ ಗಂಟೆ. ಟೈರಿನ ಘರ್ಷಣೆ ಸೇರಿಸಿದರೆ ಇನ್ನೂ ಹೆಚ್ಚು. ದೇಹವು ತಿಂದ ಅನ್ನದ ಕಾಲುಭಾಗವನ್ನಷ್ಟೇ ದುಡಿಮೆಯಾಗಿ ಮಾಡಬಲ್ಲುದರಿಂದ, ಈ ಒಂದು ಏರಿಗೆ ದಿನದ ಊಟದ ಅರ್ಧದಷ್ಟು ಖರ್ಚಾಗುತ್ತದೆ.

ನಮ್ಮ ಕಪ್ಪು ಸೈಕಲ್ಲಿನಲ್ಲಿ ಇದು ಆಗದ ಮಾತು. ಅದರ ಪೆಡಲು ಒಂದು ಸುತ್ತು ತಿರುಗಿದರೆ ಗಾಡಿ ಐದಾರು ಮೀಟರು ಮುಂದೆ ಹೋಗುತ್ತದೆ. ಸಮತಟ್ಟಿಗೆ ಬಲು ಚೆಂದ. ಏರಿಗೆ ಬೇಕಾದ್ದು ಒಂದು ಸುತ್ತಿಗೆ ಎರಡು ಮೀಟರಿಗಿಂತ ಕಡಿಮೆ ಹೋಗುವ ಗೇರು: ಮುಂದೆ ಚಿಕ್ಕ ಹಲ್ಲಿನ ಚಕ್ರ, ಹಿಂದೆ ದೊಡ್ಡದು. ಭಾರ ಅಷ್ಟೇ, ಅದನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸಿದಂತೆ. ಏರು ಬರುವ ಮೊದಲೇ ಗೇರು ಇಳಿಸಬೇಕು. ಪೂರ್ತಿ ಬಲ ಹಾಕಿ ತುಳಿಯುವಾಗ ಬದಲಿಸಿದರೆ ಚೈನು ಕಳಚೀತು.

ಹಿಂದಿನ ಗಾಡಿಯ ಮಹಿಮೆ ಇಲ್ಲಿ. ಗುಂಪಿನ ಮುಂದೆ ಮಾರ್ಗದರ್ಶಿ, ಎಲ್ಲರಿಗಿಂತ ಹಿಂದೆ ಅವನ ಸಹಾಯಕ; ಸಹಾಯಕನ ಹಿಂದೆ ಯಾರೂ ಉಳಿಯಬಾರದೆಂಬುದೇ ನಿಯಮ. ತಿರುವಿನಲ್ಲಿ ಒಬ್ಬ ನಿಂತು ಕೈ ತೋರಿಸುತ್ತಾನೆ, ಕೊನೆಯವನು ಬರುವವರೆಗೆ ಕದಲುವುದಿಲ್ಲ. ಗಾಡಿಯಲ್ಲಿ ಗಂಟುಮೂಟೆ, ನೀರು, ಬಾಳೆಹಣ್ಣು, ಟ್ಯೂಬು, ಔಷಧ. ಮತ್ತು ಸುಸ್ತಾದವನಿಗೆ ಒಂದು ಜಾಗ. ಹೆಚ್ಚು ಹಾನಿ ಮಾಡಿಕೊಳ್ಳುವವರು ಆ ಜಾಗಕ್ಕೆ ನಾಚುವವರು. ತಲೆ ಸುತ್ತಿದರೂ, ಚಳಿಯೆನಿಸಿದರೂ, ಬೆವರು ಹಠಾತ್ತನೆ ನಿಂತರೂ ತುಳಿಯುತ್ತಲೇ ಹೋಗುತ್ತಾರೆ. ಇವು ಬಿಸಿಲಿನ ಬಾಧೆಯ ಲಕ್ಷಣಗಳು. ಆಗ ಕೂಡಲೇ ನಿಂತು ನೆರಳಿಗೆ ಹೋಗಿ ಕೂಗಿ ಹೇಳಬೇಕು. ಎದೆಯಲ್ಲಿ ಹಿಡಿದಂತಾದರಂತೂ ಒಂದು ಹೆಜ್ಜೆಯೂ ಮುಂದಿಡಬಾರದು. ಐವತ್ತು ದಾಟಿದವರು ಹೊರಡುವ ಮೊದಲೇ ವೈದ್ಯರಿಗೆ ತೋರಿಸತಕ್ಕದ್ದು.

ಕಿಂತಾಮಣಿಯ ಅಂಚಿನಲ್ಲಿ ನಿಂತರೆ ಕೆಳಗೆ ಹತ್ತಾರು ಕಿಲೋಮೀಟರು ಅಗಲದ ಬಾಣಲೆ. ಪುರಾತನ ಜ್ವಾಲಾಮುಖಿಯೊಂದು ಕುಸಿದು ಆದದ್ದು. ಅದರೊಳಗೆ 1,717 ಮೀಟರಿನ ಬಾತುರ್ ಬೆಟ್ಟ, ಕಪ್ಪು ಲಾವಾದ ಬಯಲು, ಬಾಲಿಯಲ್ಲೇ ದೊಡ್ಡದಾದ ಸರೋವರ. ಕಡಲ ದಂಡೆಗಿಂತ ಇಲ್ಲಿ ಒಂಬತ್ತು ಹತ್ತು ಡಿಗ್ರಿ ತಂಪು. ಸರೋವರದ ದೇವಿಯ ಗುಡಿ ಮೊದಲು ಬಾಣಲೆಯೊಳಗೇ ಇತ್ತು. 1926ರ ಸ್ಫೋಟದಲ್ಲಿ ಊರೂ ಗುಡಿಯೂ ಲಾವಾದ ಪಾಲಾದ ಮೇಲೆ ಜನ ದೇವಿಯನ್ನು ಅಂಚಿನ ಮೇಲಕ್ಕೆ ತಂದು ಗುಡಿ ಕಟ್ಟಿದರು. ಆ ದೇವಿಯೇ ಕೆಳಗಿನ ಗದ್ದೆಗಳಿಗೆ ನೀರು ಕೊಡುವವಳೆಂದು ನಂಬಿಕೆ. ಗದ್ದೆಯವರು 'ಸುಬಕ್' ಎಂಬ ಸಂಘಗಳನ್ನು ಕಟ್ಟಿಕೊಂಡು, ಯಾವ ಊರಿನ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರಿನ ಗುಡಿಗಳಲ್ಲಿ ಕೂಡಿ ಗೊತ್ತುಮಾಡುತ್ತಾರೆ. 1970ರ ದಶಕದಲ್ಲಿ ಸರಕಾರದವರು ಹೊಸ ತಳಿ ಕೊಟ್ಟು, ಸರದಿ ಬಿಟ್ಟು ಬೆಳೆಯ ಮೇಲೆ ಬೆಳೆ ತೆಗೆಯಿರಿ ಎಂದರು. ಎಲ್ಲ ಗದ್ದೆಗಳೂ ಏಕಕಾಲಕ್ಕೆ ಪಾಳು ಬೀಳುವುದು ತಪ್ಪಿದ್ದರಿಂದ ಹುಳುಗಳಿಗೆ ಸದಾ ಮೇವು ದೊರೆತು ಪೈರು ಹಾಳಾಯಿತು. ಹಳೆಯ ಸರದಿಗೆ ಮರಳಬೇಕಾಯಿತು. ಯುನೆಸ್ಕೋ ಸಂಸ್ಥೆಯು 2012ರಲ್ಲಿ ಈ ಸುಬಕ್ ಗದ್ದೆಗಳನ್ನೂ ಗುಡಿಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲೊದ್ ದಿಕ್ಕಿನ ಇಳಿಜಾರಿನಲ್ಲಿ ಸವಾರನ ಬದಿಗೇ ಹರಿದು ಬರುವುದು ಈ ಕಾಲುವೆಗಳ ನೀರೇ.

ಇಳಿಜಾರಿನ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯವೆಲ್ಲ ಅಲ್ಲಿಯೇ. ಕಿಂತಾಮಣಿಯಿಂದ ಉಬುದ್ ಪಟ್ಟಣಕ್ಕೆ ಮೂವತ್ತು ಕಿಲೋಮೀಟರಿನ ಸುಮಾರಿಗೆ 1,200 ಮೀಟರ್ ಇಳಿಯಬೇಕು. ಹತ್ತುವಾಗ ಸಂಪಾದಿಸಿದ ಶಕ್ತಿಯಲ್ಲಿ ಹತ್ತು ಲಕ್ಷ ಜೌಲ್ ಈಗ ಎಲ್ಲಿಗೋ ಹೋಗಲೇಬೇಕು. ಅಷ್ಟು ಶಕ್ತಿಯಿಂದ ಮೂರು ಲೀಟರು ತಣ್ಣೀರನ್ನು ಕುದಿಸಬಹುದು! ಒಂದು ಪಾಲನ್ನು ಎದುರುಗಾಳಿ ನುಂಗುತ್ತದೆ. ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ನಿಲ್ಲುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ದೊಡ್ಡಮ್ಮನ ಮಗನನ್ನು ಹಿಂದೆ ಕೂರಿಸಿಕೊಂಡು ನಮ್ಮೂರ ಕಡೆಯ ಘಟ್ಟವನ್ನು ಇಳಿಯುತ್ತಿದ್ದೆ. ಹೆದರಿಕೆಯಿಂದ ಮುಂದಿನ ಬ್ರೇಕನ್ನು ಹಿಡಿದವನು ಬಿಡಲೇ ಇಲ್ಲ. ರಬ್ಬರು ಸುಟ್ಟ ವಾಸನೆ ಬಂತು. "ಯಾವುದೋ ಲಾರಿಯದು" ಎಂದುಕೊಂಡೆವು. ಮುಂದಿನ ತಿರುವಿನಲ್ಲಿ ರಿಮ್ಮಿನ ಕಾವಿಗೆ ಟ್ಯೂಬು ಸಿಡಿಯಿತು. ಗುಡ್ಡದ ಬದಿಯ ಚರಂಡಿಗೆ ಬಿದ್ದೆವು; ಇನ್ನೊಂದು ಬದಿಗೆ ಬಿದ್ದಿದ್ದರೆ ಈ ಪಾಠವನ್ನು ಬರೆಯುವವರು ಬೇರೆಯಾಗುತ್ತಿದ್ದರು. ಗಲ್ಲದ ಮೇಲಿನ ಕಲೆಯನ್ನು ನೀವು ನೋಡಿದ್ದೀರಿ.

ಆದ್ದರಿಂದ ಬ್ರೇಕನ್ನು ಎಳೆದುಕೊಂಡೇ ಇಳಿಯಬಾರದು. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಸಮವಾಗಿ ಬಿಗಿಯಾಗಿ ಒತ್ತಿ ವೇಗ ಕಳೆದು, ನೇರ ದಾರಿಯಲ್ಲಿ ಬಿಟ್ಟು ಗಾಳಿಯಾಡಿಸಬೇಕು. ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂರಬೇಕು. ವಾಸನೆ ಬಂದರೆ ನಿಂತು ಆರಿಸಬೇಕು, ರಿಮ್ಮನ್ನು ಬರಿಗೈಯಲ್ಲಿ ಮುಟ್ಟಬಾರದು. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಕಾವು ಟ್ಯೂಬಿಗೆ ತಗಲದು, ಆದರೂ ಅದೇ ಕ್ರಮ ಕ್ಷೇಮ. ಮುಂದಿನವನಿಗೆ ಹತ್ತಿಕೊಂಡು ಹೋಗಬಾರದು. ಬಾಲಿಯಲ್ಲಿ ಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ ಮಳೆ. ನೆನೆದ ರಿಮ್ಮಿನ ಮೇಲೆ ಬ್ರೇಕು ತಡವಾಗಿ ಹಿಡಿಯುತ್ತದೆ. ಜುಲೈ ಒಣಗಾಲ, ಒಳ್ಳೆಯ ಆಯ್ಕೆ. ಮಾರ್ಚಿಯಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಶಕ ವರ್ಷದ ಅವರ ಹೊಸವರ್ಷ 'ಞೆಪಿ' ನಮ್ಮ ಯುಗಾದಿಯ ಸುಮಾರಿಗೆ ಬರುತ್ತದೆ, 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದವು. ಅಂದು ದ್ವೀಪವೆಲ್ಲ ಮೌನ. ವಿಮಾನವೂ ಇಲ್ಲ, ಸೈಕಲ್ಲಿರಲಿ, ಬೀದಿಗೆ ಕಾಲಿಡುವಂತೆಯೂ ಇಲ್ಲ.

ಬೆಟ್ಟದ ಮನಸ್ಸನ್ನೂ ಮಾರ್ಗದರ್ಶಿ ಗಮನಿಸುತ್ತಿರಬೇಕು. ಆಗುಂಗ್ 1963ರಲ್ಲಿ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಮತ್ತೆ ಎಚ್ಚೆತ್ತಾಗ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ತೆರವು ಮಾಡಿಸಿದರು. ಬೂದಿಯಿಂದಾಗಿ ವಿಮಾನ ನಿಲ್ದಾಣವನ್ನೂ ಕೆಲವು ದಿನ ಮುಚ್ಚಿದರು. ಅಲ್ಲಿಯ ಸರಕಾರ ಪ್ರತಿ ಜ್ವಾಲಾಮುಖಿಗೂ ನಾಲ್ಕು ಹಂತದ ಎಚ್ಚರಿಕೆ ಪ್ರಕಟಿಸುತ್ತದೆ. ಹಂತ ಏರಿದರೆ ದಾರಿ ಬದಲಿಸುವುದೇ ಸರಿ, ಕೊಟ್ಟ ಹಣದ ಲೆಕ್ಕ ಆಮೇಲೆ.

ಲೊಂಬೊಕ್‌ಗೆ ಪದಂಗ್‌ಬಾಯಿ ಬಂದರಿನಿಂದ ನಾಲ್ಕೈದು ಗಂಟೆಯ ಹಡಗು. ರಿಂಜಾನಿಯ ಪಕ್ಕದಲ್ಲಿದ್ದ ಸಮಲಸ್ ಬೆಟ್ಟ 1257ರಲ್ಲಿ ಸಿಡಿದಾಗ ಅದರ ಗಂಧಕದ ಗುರುತು ಎರಡು ಧ್ರುವಗಳ ಹಿಮದಲ್ಲಿಯೂ ಉಳಿದಿದೆ. ಕೊನೆಯ ದಿನ ಗಿಲಿ ತ್ರಾವಂಗನ್ ಎಂಬ ಪುಟ್ಟ ದ್ವೀಪ. ಅಲ್ಲಿ ಪೆಟ್ರೋಲಿನ ವಾಹನಕ್ಕೆ ಅಪ್ಪಣೆಯಿಲ್ಲ; ಕುದುರೆಗಾಡಿ ಮತ್ತು ಸೈಕಲ್ಲು. ದಂಡೆಯ ದಾರಿ ಏಳು ಕಿಲೋಮೀಟರು, ಏರೇ ಇಲ್ಲ. ಅಂದು ಹಿರಿಯರ ಕಪ್ಪು ಸೈಕಲ್ಲೇ ಸಾಕಾಗುತ್ತಿತ್ತು.

ಎಲ್ಲವನ್ನೂ ಓದಿ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಆ ಗಾಡಿಯೊಳಗ ಕುಂತ್ರ ಮಗ ನಗೂದಿಲ್ಲೇನ್ರೀ?" ನಾನು ಉತ್ತರ ಹೇಳಲಿಲ್ಲ, ಮಗನಿಗೇ ಬರೆದು ಕೇಳಿರೆಂದೆ. ಹದಿನೈದು ದಿನದಲ್ಲಿ ಉತ್ತರ ಬಂತು. ಏರಿನ ದಿನ ಗಾಡಿಯಲ್ಲಿ ಎರಡು ಜಾಗ ಹಿಡಿಸಿದ್ದಾನಂತೆ, ಒಂದು ಅಪ್ಪನಿಗೆ, ಒಂದು ತನಗೆ. ಮೊನ್ನೆ ಅವರು ವೈದ್ಯರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಹಳೆಯ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರು ಹಾಕಿಸಿಕೊಂಡು ಬಂದಿದ್ದರು. ನಕ್ಷೆ ಪುಸ್ತಕ ಸದ್ಯ ಅವರ ಮನೆಯಲ್ಲಿದೆ. ಬೇಕಾದವರು ಮುಂದಿನ ಭಾನುವಾರದ ಮೇಲೆ ಕೇಳಬೇಕು.